ಮಡ್ಡಿ ಬರಡು, ಎರೆ ಬಂಗಾರ: ಈ ಮಾತು ಎಷ್ಟು ನಿಜ?

‘ಮಡ್ಡಿ ಹೊಲ ಕೊಳ್ಳಬೇಡಿ, ಅದು ಬರಡು. ಎರೆ ಮಣ್ಣು ಬಂಗಾರ, ನೀರೊಂದಿದ್ದರೆ ಅದರಲ್ಲಿ ಏನು ಹಾಕಿದರೂ ಬರುತ್ತದೆ. ಮಡ್ಡಿ ಇದ್ದವರು ಮೇಲೆ ಎರಡು ಅಡಿ ಎರೆ ಮಣ್ಣು ಹೇರಿಸಿದರೆ ಮುಗಿಯಿತು.’

ಇಂಥ ಸಲಹೆ ನಿಮ್ಮ ವಾಟ್ಸ್‌ಆಪ್ ಗುಂಪಿಗೂ ಬಂದಿರಬಹುದು. ವಿಜಯಪುರದ ಸುತ್ತಮುತ್ತ ಊರಕಟ್ಟೆಯ ಮೇಲೂ ಇದೇ ಮಾತು ಕೇಳುತ್ತದೆ. ಆದರೆ ಒಮ್ಮೆ ತಿಕೋಟಾ ಕಡೆ ಹೋಗಿ ನೋಡಿ. ಸಾಲು ಸಾಲು ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್‌ಗಳು ಕಾಣುತ್ತವೆ. ಅವುಗಳಲ್ಲಿ ಎಷ್ಟೋ ತೋಟಗಳು ನಿಂತಿರುವುದು ಇದೇ ‘ಬರಡು’ ಮಡ್ಡಿಯ ಮೇಲೆ.

ಹಾಗಾದರೆ ಫಾರ್ವರ್ಡ್ ಸುಳ್ಳೇ? ಅರ್ಧ ನಿಜ, ಇನ್ನರ್ಧ ಅಪಾಯಕಾರಿ. ಏಕೆಂದು ನೋಡೋಣ.

ಎರಡೂ ಒಂದೇ ಕಲ್ಲಿನ ಮಣ್ಣು

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಸಹ್ಯಾದ್ರಿಯಂಥ ಬೆಟ್ಟಗಳಿಲ್ಲ. ಇಲ್ಲಿ ಗುಡ್ಡ ಎಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿನ್ನೆ. ಆದರೂ ಬೆಟ್ಟದ ಮಣ್ಣಿಗೆ ಇರುವ ನಿಯಮವೇ ಈ ದಿನ್ನೆಗಳಿಗೂ ಇದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾಯಿತು. ನಮ್ಮ ಕಾಲಡಿಯ ಕರಿಕಲ್ಲು, ಅಂದರೆ ಬಸಾಲ್ಟ್, ಅದೇ. ಬಿಸಿಲು ಮಳೆಗೆ ಈ ಕಲ್ಲು ನಿಧಾನವಾಗಿ ಸವೆದು ಮಣ್ಣಾಯಿತು. ದಿನ್ನೆಯ ನೆತ್ತಿಯಲ್ಲಿ ಹುಟ್ಟಿದ ನುಣ್ಣನೆಯ ಮಣ್ಣು ಅಲ್ಲೇ ನಿಲ್ಲಲಿಲ್ಲ. ಪ್ರತಿ ಮಳೆಗೆ ಸ್ವಲ್ಪ ಸ್ವಲ್ಪ ಕೆಳಗಿಳಿದು ತಗ್ಗಿನಲ್ಲಿ ಕೂಡಿಕೊಂಡಿತು. ಮೇಲೆ ಉಳಿದದ್ದು ಹರಳು, ಗರಸು ಮತ್ತು ಒಂದು ಗೇಣು ಮಣ್ಣು.

ಅಂದರೆ ಮೇಲಿನ ಮಡ್ಡಿ, ಕೆಳಗಿನ ಎರೆ ಎರಡೂ ಒಂದೇ ಕಲ್ಲಿನಿಂದ ಬಂದವು. ಇಳಿಜಾರಿನಲ್ಲಿ ಎಲ್ಲಿ ನಿಂತಿವೆ, ಎಷ್ಟು ಆಳ ಇವೆ ಎಂಬುದರಿಂದ ಅವುಗಳ ಗುಣ ಬೇರೆಯಾಗಿದೆ.

ಎರೆ ಮಣ್ಣು: ಮಳೆಯನ್ನು ಕೂಡಿಡುವ ಕಣಜ

ಎರೆ ಮಣ್ಣಿನಲ್ಲಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ ತುಂಬ ಇದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಅದಕ್ಕೇ. ಒಂದು ಮೀಟರ್ ಆಳದ ಇಂಥ ಮಣ್ಣು ಬೆಳೆಗೆ ಸಿಗುವ ನೀರನ್ನೇ ಸುಮಾರು 150ರಿಂದ 200 ಮಿ.ಮೀ. ಹಿಡಿದಿಡಬಲ್ಲದು.

ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಇದು ದೊಡ್ಡ ವರ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಸಿ ಹಿಡಿದ ಹೊಲದಲ್ಲಿ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬಿ ಮುಂದೆ ಹೆಚ್ಚು ಮಳೆ ಇಲ್ಲದೆಯೂ ಫಸಲು ಕೊಡುತ್ತವೆ. ಡೋಣಿ ನದಿ ದಂಡೆಯ ಸೀಮೆ ಬೆಳೆದರೆ ಓಣಿ ತುಂಬ ಕಾಳು ಎಂಬ ಅರ್ಥದ ಮಾತು ಹುಟ್ಟಿದ್ದು ಈ ಮಣ್ಣಿನಿಂದಲೇ. ಇದ್ದಲ್ಲೇ ಮಳೆನೀರು ಇಂಗಿಸಲು ಹೊಲದಲ್ಲಿ ಚೌಕು ಮಡಿ ಮಾಡುವ ಪದ್ಧತಿಯೂ ಈ ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ.

ಫಾರ್ವರ್ಡ್‌ನ ನಿಜವಾದ ಅರ್ಧ ಇದು: ಮಳೆಯಾಶ್ರಿತ ಹಿಂಗಾರಿಗೆ ಎರೆ ಬಂಗಾರವೇ. ಆದರೆ ‘ಏನು ಹಾಕಿದರೂ ಬರುತ್ತದೆ’ ಎಂಬುದು ತಪ್ಪು.

ದ್ರಾಕ್ಷಿ ಮಡ್ಡಿಯನ್ನು ಏಕೆ ಇಷ್ಟಪಡುತ್ತದೆ?

ದ್ರಾಕ್ಷಿ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹರಳು, ಗರಸು ಬೆರೆತ ಮಡ್ಡಿಯಲ್ಲಿ ಹೆಚ್ಚಾದ ನೀರು ಬೇಗ ಬಸಿದು ಹೋಗುತ್ತದೆ. ಕೆಳಗೆ ಕೊಳೆತು ಬಿರುಕುಬಿಟ್ಟ ಕಲ್ಲಿದ್ದರೆ ಬೇರು ಅದರ ಸಂದಿಯಲ್ಲೂ ಇಳಿಯುತ್ತದೆ. ಡ್ರಿಪ್‌ನಿಂದ ಎಷ್ಟು ಬೇಕೋ ಅಷ್ಟೇ ನೀರು ಕೊಡಬಹುದು, ಬೇಡವಾದಾಗ ನಿಲ್ಲಿಸಬಹುದು. ಗಿಡ ಎಲೆಗಿಂತ ಹಣ್ಣಿಗೆ ಶಕ್ತಿ ಹಾಕುವಂತೆ ಮಾಡುವುದು ಇಲ್ಲಿ ಸುಲಭ.

ಆಳದ ಎರೆಯಲ್ಲಿ ಇದೇ ಕೆಲಸ ಕಷ್ಟ. ಅಕ್ಟೋಬರ್ ಚಾಟನಿಯ ಹೊತ್ತಿಗೆ ಮಳೆ ಹಿಡಿದರೆ ಹೊಲ ಕೆಸರಾಗಿ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ. ಡೌನಿ ರೋಗಕ್ಕೆ ಔಷಧಿ ಹೊಡೆಯಬೇಕಾದ ದಿನವೇ ಹೊಡೆಯಲಾಗುವುದಿಲ್ಲ. ಬೇರು ಉಸಿರುಗಟ್ಟುತ್ತದೆ. ಸುಣ್ಣದಂಶ ಹೆಚ್ಚಿದ್ದರೆ ಗಿಡಕ್ಕೆ ಕಬ್ಬಿಣದಂಶ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಎರೆಯಲ್ಲಿ ದ್ರಾಕ್ಷಿ ಬೆಳೆಯುವವರು ಇಲ್ಲವೆಂದಲ್ಲ. ಆದರೆ ಅವರಿಗೆ ಬಸಿಗಾಲುವೆ, ಎತ್ತರದ ಬೋದು, ಡಾಗ್‌ರಿಡ್ಜ್‌ನಂಥ ಬೇರುಗಿಡದ ಮೇಲೆ ಕಸಿ, ಹೆಚ್ಚಿನ ಖರ್ಚು ಎಲ್ಲವೂ ಬೇಕು.

ದಾಳಿಂಬೆ, ನಿಂಬೆಗೂ ನೀರು ನಿಲ್ಲದ ನೆಲವೇ ಬೇಕು. ತೀರಾ ತೆಳುವಾದ, ಕಲ್ಲು ಎದ್ದ ನೆತ್ತಿಗಳಿಗೆ ಹುಲ್ಲುಗಾವಲು, ಬೇವು, ಬಾರಿ, ಸೀತಾಫಲದಂಥವು ಸೂಕ್ತ. ಅಲ್ಲಿನ ಹುಲ್ಲನ್ನು ಕಿತ್ತು ಉಳುವುದೆಂದರೆ ಇರುವ ಒಂದು ಗೇಣು ಮಣ್ಣನ್ನೂ ಹಳ್ಳಕ್ಕೆ ಬಿಟ್ಟಂತೆ.

ಮಡ್ಡಿಗೂ ಒಂದು ದೊಡ್ಡ ಕೊರತೆ ಇದೆ, ನೀರು ಹಿಡಿದಿಡುವ ಶಕ್ತಿ ಕಡಿಮೆ. ಬರ ಬಂದರೆ ತೋಟ ಉಳಿಸಲು ಟ್ಯಾಂಕರ್ ನೀರು ಕೊಳ್ಳಬೇಕಾಗುತ್ತದೆ. ಖಾತ್ರಿಯ ನೀರಿನ ಮೂಲ ಇಲ್ಲದೆ ಸಾಲ ಮಾಡಿ ಮಡ್ಡಿಯಲ್ಲಿ ತೋಟ ಹಾಕುವುದು ಎರೆಯಲ್ಲಿ ಹಾಕಿದಷ್ಟೇ ಅಪಾಯ.

ಮೇಲೆ ನೀರು ಬಿಟ್ಟರೆ ಕೆಳಗೆ ಸವಳು

ಫಾರ್ವರ್ಡ್‌ಗಳು ಹೇಳದ ಮುಖ್ಯ ವಿಷಯ ಇದು. ತುಬಚಿ-ಬಬಲೇಶ್ವರ, ಮುಳವಾಡದಂಥ ಏತ ನೀರಾವರಿ ಯೋಜನೆಗಳಿಂದ ಒಣ ದಿನ್ನೆಗಳಿಗೂ ಕೃಷ್ಣೆಯ ನೀರು ಬರುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಮೇಲಿನ ಹೊಲಕ್ಕೆ ಬಿಟ್ಟ ಹೆಚ್ಚುವರಿ ನೀರು ಮಾಯವಾಗುವುದಿಲ್ಲ. ಗರಸಿನ ಮೂಲಕ ಇಳಿದು, ದಾರಿಯಲ್ಲಿ ಲವಣಗಳನ್ನು ಕರಗಿಸಿಕೊಂಡು, ತಗ್ಗಿನ ಎರೆ ಹೊಲದಡಿ ಸೇರುತ್ತದೆ. ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲಕ್ಕೆ ಬರುತ್ತದೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಅದನ್ನು ಮೇಲೆಳೆಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ಹೊಲ ಸವಳಾಗುವುದು ಹೀಗೆ.

ಡೋಣಿ ನದಿಯ ನೀರಿನ ಉಪ್ಪು ರುಚಿ ಎಲ್ಲರಿಗೂ ಗೊತ್ತು. ಈ ಸೀಮೆಯ ಮಣ್ಣಿನಲ್ಲಿ ಲವಣ ಮೊದಲಿನಿಂದಲೂ ಇದೆ ಎಂಬುದಕ್ಕೆ ಅದೇ ಗುರುತು. ನೀರಾವರಿ ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಕೃಷ್ಣಾ ತೀರದ ಅಥಣಿ, ರಾಯಬಾಗ ಕಡೆಯ ಸವಳು-ಜವಳು ಹೊಲಗಳು ಕಣ್ಣೆದುರಿಗಿವೆ. ಹೀಗೆ ಕೆಟ್ಟ ಹೊಲವನ್ನು ಮತ್ತೆ ಸರಿಪಡಿಸಲು ವರ್ಷಗಳೇ ಬೇಕು, ಖರ್ಚೂ ಹೆಚ್ಚು. ಮೇಲಿನ ರೈತ ಡ್ರಿಪ್ ಬಳಸಿದರೆ ಅವನ ನೀರು ಉಳಿಯುತ್ತದೆ, ಕೆಳಗಿನವನ ಹೊಲವೂ ಉಳಿಯುತ್ತದೆ.

ಮಡ್ಡಿಗೆ ಎರೆ ಮಣ್ಣು ಹೇರಿಸಬಹುದೇ?

ಕೆರೆ ಹೂಳನ್ನು ಪರೀಕ್ಷೆ ಮಾಡಿಸಿ, ತೆಳುವಾಗಿ ಹರಡಿ, ಮಡ್ಡಿಯ ಮಣ್ಣಿನೊಂದಿಗೆ ಬೆರೆಸುವುದು ಒಳ್ಳೆಯದು. ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಆದರೆ ಕಲ್ಲಿನ ಮೇಲೆ ಎರಡು ಅಡಿ ಎರೆ ಸುರಿದರೆ ಮಡ್ಡಿಯ ಗುಣವೇ ಹೋಗುತ್ತದೆ. ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಒಡ್ಡು ಇಲ್ಲದ ಇಳಿಜಾರಾದರೆ ದುಡ್ಡು ಕೊಟ್ಟು ತಂದ ಮಣ್ಣು ನಾಲ್ಕು ದೊಡ್ಡ ಮಳೆಗೆ ಕೊಚ್ಚಿ ಹೋಗುತ್ತದೆ. ಇನ್ನು ಆ ಎರೆ ಮಣ್ಣು ಬಂದದ್ದು ಇನ್ನೊಬ್ಬರ ಹೊಲದಿಂದಾದರೆ, ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು ಎಂಬುದನ್ನು ನೆನಪಿಡಿ.

ಮನೆ ಕಟ್ಟುವವರಿಗೆ ಲೆಕ್ಕ ಉಲ್ಟಾ

ನಗರದ ಸುತ್ತ ಪ್ಲಾಟ್ ನೋಡುವವರಿಗೂ ಇದು ಬೇಕಾದ ಮಾತು. ಹೊಲಕ್ಕೆ ಬಂಗಾರವಾದ ಎರೆ ಪಾಯಕ್ಕೆ ತೊಂದರೆ. ಮಣ್ಣು ಉಬ್ಬಿ ಕುಗ್ಗಿದಂತೆ ಗೋಡೆ ಬಿರುಕು ಬಿಡುತ್ತದೆ. ಗೋಳಗುಮ್ಮಟದಂಥ ಭಾರದ ಕಟ್ಟಡ ಮೂರೂವರೆ ಶತಮಾನ ದಾಟಿ ನಿಂತಿರುವುದಕ್ಕೆ ಅದರ ಬುನಾದಿ ಗಟ್ಟಿ ಬಂಡೆಯ ಮೇಲಿರುವುದೂ ಒಂದು ಕಾರಣ. ಎರೆಯಲ್ಲೇ ಕಟ್ಟಬೇಕಾದರೆ ಎಂಜಿನಿಯರ್ ಹೇಳಿದಷ್ಟು ಆಳಕ್ಕೆ ಪಾಯ ಇಳಿಸಿ.

ನಿಮ್ಮ ನೆಲ ಯಾವುದಕ್ಕೆ? ನೀವೇ ನೋಡಿ

• ಹೊಲದ ಮೂರ್ನಾಲ್ಕು ಕಡೆ ಮೂರು ಅಡಿ ಗುಂಡಿ ತೋಡಿ. ಮಣ್ಣು ಎಷ್ಟು ಆಳ, ಅಡಿಯಲ್ಲಿ ಗರಸೋ ಬಂಡೆಯೋ ನೋಡಿ. ಒಂದೇ ಹೊಲದಲ್ಲೂ ಎರಡು ಬಗೆ ಇರಬಹುದು.

• ಗುಂಡಿಗೆ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಅದು ದ್ರಾಕ್ಷಿ, ದಾಳಿಂಬೆಯ ಜಾಗವಲ್ಲ.

• ಮಣ್ಣಿನ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಸುಣ್ಣದಂಶ ಇದೆ ಎಂದರ್ಥ.

• ಬೇಸಿಗೆಯಲ್ಲಿ ಮೇಲೆ ಬಿಳಿ ಪದರ ಕಂಡರೆ ನೀರು ಹೆಚ್ಚಿಸಬೇಡಿ. ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ.

• 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಸಾರಜನಕ, ರಂಜಕ, ಸತು, ರಸಸಾರ, ಲವಣಾಂಶ ಮೊದಲಾದ 12 ಅಂಶಗಳನ್ನು ತಿಳಿಸುತ್ತದೆ. ಮಣ್ಣಿನ ಆಳ ಮತ್ತು ಬಸಿಯುವ ಗುಣವನ್ನು ಆ ಕಾರ್ಡ್ ಹೇಳುವುದಿಲ್ಲ. ಆದ್ದರಿಂದ ಕಾರ್ಡ್ ಇದ್ದರೂ ಗುಂಡಿ ತೋಡಲೇಬೇಕು.

ತೋಟ ಹಾಕುವ ಮುಂಚೆ ಈ ವಿವರಗಳನ್ನು ಹಿಡಿದುಕೊಂಡು ಕೃಷಿ ಅಥವಾ ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನು, ಇಲ್ಲವೇ ಕೃಷಿ ವಿಜ್ಞಾನಿಗಳನ್ನು ಕೇಳಿ.

ಕೊನೆಗೆ

ನೆಲವನ್ನು ಒಳ್ಳೆಯದು, ಕೆಟ್ಟದು ಎಂದು ವಿಂಗಡಿಸುವುದಕ್ಕಿಂತ, ಯಾವುದಕ್ಕೆ ಒಳ್ಳೆಯದು ಎಂದು ಕೇಳುವುದು ಸರಿ. ಎರೆಗೆ ಜೋಳ, ಕಡಲೆ. ಖಾತ್ರಿ ನೀರಿರುವ ಮಡ್ಡಿಗೆ ದ್ರಾಕ್ಷಿ, ದಾಳಿಂಬೆ. ಕಲ್ಲು ನೆತ್ತಿಗೆ ಹುಲ್ಲು, ಗಿಡ. ಮನೆಗೆ ಗಟ್ಟಿ ನೆಲ. ‘ಮಡ್ಡಿ ಬರಡು’ ಎಂಬ ಸಂದೇಶ ಇನ್ನೊಮ್ಮೆ ಬಂದರೆ ಮುಂದೆ ಕಳಿಸುವ ಮುನ್ನ, ಕಳಿಸಿದವರಿಗೆ ಒಂದು ಪ್ರಶ್ನೆ ಕೇಳಿ: ‘ಗುಂಡಿ ತೋಡಿ ನೋಡಿದ್ದೀರಾ?’