ಮರಳಿ ಇಳಿಯುವ ಬಾಣ

ಕಳೆದ ದೀಪಾವಳಿ ಮುಗಿದ ಮರುದಿನ ನಾವು ಬೆಳಗಿನ ಪೂಜೆ ಪೂರೈಸಿ ಪಡಸಾಲೆಗೆ ಬರುವ ಹೊತ್ತಿಗೆ ರಾಯಬಾಗ ಕಡೆಯ ಹಳ್ಳಿಯಿಂದ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬಂದು ಕುಳಿತಿದ್ದಳು. ಹುಡುಗ ಎಂಟನೆಯ ತರಗತಿಯವನು. ಬಲಗೈಯ ಎರಡು ಬೆರಳುಗಳಿಗೆ ಬಟ್ಟೆ ಸುತ್ತಿತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದುದನ್ನು ದೂರದರ್ಶನದಲ್ಲಿ ಕಂಡಂದಿನಿಂದ ಅವನಿಗೆ ರಾಕೆಟ್ಟಿನ ಹುಚ್ಚು. ಪಟಾಕಿಗಳನ್ನು ಒಡೆದು ಅದರ ಮದ್ದನ್ನು ಕೊಳವೆಯಲ್ಲಿ ತುಂಬಿ ಹಾರಿಸಿದ್ದನಂತೆ. ಮೊದಲನೆಯದು ಹಾರಿ ನೆರೆಯವರ ಮೇವಿನ ಬಣವೆಯ ಮೇಲೆ ಬಿದ್ದಿತು. ಯಾರೋ ಪುಣ್ಯಾತ್ಮರು ಒಡನೆಯೇ ನೀರು ಸುರಿದುದರಿಂದ ಬಣವೆ ಉಳಿಯಿತು. ಎರಡನೆಯದು ಕೈಯಲ್ಲಿರುವಾಗಲೇ ಉರಿಯಿತು.

"ಇವಗ ಸ್ವಲ್ಪ ಬುದ್ಧಿ ಹೇಳ್ರಿ ಗುರುಗಳ," ಎಂದಳು ಆ ತಾಯಿ. ನಾವು ಹುಡುಗನನ್ನು ಗದರಿಸುವ ಮೊದಲು ಅವನು ತಾನೇ ತಲೆ ತಗ್ಗಿಸಿ ಹೇಳಿದ: "ಮ್ಯಾಲೆ ಹೋಗೂದರ ಬಗ್ಗೆನ ವಿಚಾರ ಮಾಡಿದ್ನಿರಿ. ಎಲ್ಲಿ ಬೀಳತೈತಿ ಅನ್ನೂದು ನೆನಪಿಗೇ ಬರಲಿಲ್ರಿ."

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಅವನಿಗೆ ಬುದ್ಧಿವಾದವನ್ನೇನೋ ಹೇಳಿದೆವು. ಪರವಾನಿಗೆಯಿಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕಗಳ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನೂ ತಿಳಿಸಿದೆವು. ಆದರೆ ಇಂತಹ ಹುಡುಗನಿಗೆ "ಬೇಡ" ಎಂದಷ್ಟೇ ಹೇಳಿ ಕಳುಹಿಸಿದರೆ ಅವನು ಮತ್ತೊಂದು ಕೊಳವೆಯನ್ನು ಹುಡುಕಿಯಾನು. ವ್ಯಾಕರಣ ಮತ್ತು ವಚನಶಾಸ್ತ್ರಗಳನ್ನು ಓದಿ ಮಠದಲ್ಲಿ ಬೆಳೆದ ನಮಗೆ ಈ ವಿದ್ಯೆಯ ಗಂಧವಿರಲಿಲ್ಲ. ನಮ್ಮ ಪ್ರಸಾದ ನಿಲಯದ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಬರುವ ಅಧ್ಯಾಪಕರೊಡನೆ ಕುಳಿತು ಕೆಲವು ಪುಸ್ತಕಗಳನ್ನು ತಿರುವಿದೆವು. ಆಗ ನಮಗೆ ದೊರೆತದ್ದು ಒಬ್ಬ ಪಾದರಕ್ಷೆ ಅಂಗಡಿಯವನ ಕಥೆ.

ಅಮೇರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿ ನಾರ್ಫೋಕ್ ಎಂಬ ಊರು. ಅಲ್ಲಿ ಆರ್ವಿಲ್ ಕಾರ್ಲೈಲ್ ಎಂಬಾತ ಜೋಡುಗಳ ಅಂಗಡಿ ನಡೆಸುತ್ತಿದ್ದ. ಬಾಣಬಿರುಸುಗಳ ಕೆಲಸಕ್ಕೆ ಪರವಾನಿಗೆ ಪಡೆದವನೂ ಆಗಿದ್ದ. ಅವನ ಸಹೋದರ ರಾಬರ್ಟನಿಗೆ ಆಟಿಕೆ ವಿಮಾನಗಳ ಗೀಳು. 1954ರಲ್ಲಿ ಆರ್ವಿಲ್ ಕಾಗದದ ಕೊಳವೆಯಿಂದ ಒಂದು ಪುಟ್ಟ ರಾಕೆಟ್ಟನ್ನು ನಿರ್ಮಿಸಿದ. ಅದರ ಮದ್ದು ಉರಿದು ಮುಗಿದ ಮೇಲೆ ನಿಧಾನವಾಗಿ ಉರಿಯುವ ಇನ್ನೊಂದು ಪದರ; ಅದೂ ಮುಗಿಯುವ ಹೊತ್ತಿಗೆ ರಾಕೆಟ್ಟು ಶಿಖರವನ್ನು ಮುಟ್ಟಿರುತ್ತದೆ. ಆಗ ಕಿರಿದೊಂದು ಸ್ಫೋಟ ಮುಂದಕ್ಕೆ ನುಗ್ಗಿ ಮೂತಿಯ ಟೊಪ್ಪಿಗೆಯನ್ನೂ ಅದರ ಹಿಂದೆ ಮಡಚಿಟ್ಟ ಛತ್ರಿಯನ್ನೂ ಹೊರಗೆ ತಳ್ಳುತ್ತದೆ. ಅದಕ್ಕೆ ಅವನಿಟ್ಟ ಹೆಸರು ರಾಕ್-ಎ-ಚೂಟ್. ಹೆಸರಿನಲ್ಲಿಯೇ ಪ್ಯಾರಾಚೂಟು ಸೇರಿದೆಯೆಂಬುದನ್ನು ಓದುಗರು ಗಮನಿಸಬೇಕು. 1957ರಲ್ಲಿ ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞನು, ಹುಡುಗರು ಮನೆಯಲ್ಲಿಯೇ ಮದ್ದು ತುಂಬಿ ಕೈಕಾಲು ಕಳೆದುಕೊಳ್ಳುವ ಅಪಾಯದ ಕುರಿತು ಪತ್ರಿಕೆಯೊಂದರಲ್ಲಿ ಲೇಖನ ಬರೆದ. ಅದನ್ನು ಓದಿದ ಕಾರ್ಲೈಲ್ ತನ್ನ ರಾಕೆಟ್ಟುಗಳನ್ನು ಅವನಿಗೆ ಕಳುಹಿಸಿಕೊಟ್ಟ. ಅದೇ ವರ್ಷದ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಮೇಲೇರಿತು; ಅಲ್ಲಿಯ ಹುಡುಗರ ಹುಚ್ಚು ನೂರ್ಮಡಿಯಾಯಿತು. ಇಂದು ಜಗತ್ತಿನಲ್ಲಿ ಮಾದರಿ ರಾಕೆಟ್ಟು ಎಂದು ಕರೆಯುವ ಹವ್ಯಾಸ ಹುಟ್ಟಿದುದು ಹೀಗೆ. ಸುಟ್ಟ ಬೆರಳುಗಳ ಚಿಂತೆ ರಾಯಬಾಗದ ಆ ತಾಯಿಯೊಬ್ಬಳದೇ ಅಲ್ಲ.

ಕಾರ್ಖಾನೆಯಲ್ಲಿ ತಯಾರಾದ ಅಂತಹ ಮದ್ದಿನ ಕೊಳವೆಗಳು ನಮ್ಮ ಚಿಕ್ಕೋಡಿಯ ಪೇಟೆಯಲ್ಲಿ ದೊರೆಯುವ ಸರಕಲ್ಲ. ದೊರೆಯಬೇಕೆಂಬ ಆಸೆಯೂ ನಮಗಿಲ್ಲ. ಅಧ್ಯಾಪಕರು ನೀರಿನ ರಾಕೆಟ್ಟನ್ನು ಸೂಚಿಸಿದರು. ಸೋಡಾ ಪಾನೀಯಗಳ ಎರಡು ಲೀಟರಿನ ಬಾಟಲಿ ಇದರ ಒಡಲು. ಕುಡಿಯುವ ನೀರಿನ ತೆಳ್ಳನೆಯ ಬಾಟಲಿ ಸಲ್ಲದು. ಸೋಡಾದ ಬಾಟಲಿ ಅನಿಲದ ಒತ್ತಡವನ್ನು ತಾಳಲೆಂದೇ ಆದದ್ದು. ಕಾಲುಭಾಗದಿಂದ ಮೂರರಲ್ಲೊಂದು ಭಾಗದವರೆಗೆ ನೀರು ತುಂಬಿ, ಸೈಕಲ್ಲಿನ ವಾಲ್ವು ಹಾಯಿಸಿದ ರಬ್ಬರ್ ಬಿರಡೆಯನ್ನು ಬಾಯಿಗೆ ಒತ್ತಿ, ತಲೆಕೆಳಗಾಗಿ ನಿಲ್ಲಿಸಿ, ಉದ್ದನೆಯ ನಳಿಗೆಯ ಮೂಲಕ ದೂರದಿಂದ ಪಂಪು ಹೊಡೆಯಬೇಕು. ಒತ್ತಡ ಸಾಕಾದೊಡನೆ ಬಿರಡೆ ಕಳಚಿಕೊಂಡು, ನೀರು ಕೆಳಕ್ಕೆ ಚಿಮ್ಮಿ, ಬಾಟಲಿ ಮೇಲಕ್ಕೆ ನೆಗೆಯುತ್ತದೆ. ಬೆಂಕಿಯಿಲ್ಲ, ಮದ್ದಿಲ್ಲ. ತೆಂಗಿನ ಮರವನ್ನು ಮೀರಿ ಹೋಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಏರಿಸುವ ಕಷ್ಟ ಇಷ್ಟೇ. ಅರ್ಧ ದಿನದಲ್ಲಿ ಮಕ್ಕಳು ಕಲಿತರು. ಇಳಿಸುವುದನ್ನು ಕಲಿಯಲು ನಮಗೆ ಎರಡು ತಿಂಗಳು ಹಿಡಿಯಿತು.

30 ಮೀಟರ್ ಎತ್ತರದಿಂದ ಬೀಳುವ ವಸ್ತು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ನೆಲ ಮುಟ್ಟುವಾಗ ಸೆಕೆಂಡಿಗೆ 24 ಮೀಟರ್ ವೇಗದಲ್ಲಿರುತ್ತದೆ. ಗಂಟೆಗೆ 85 ಕಿಲೋಮೀಟರಿಗೂ ಮಿಕ್ಕ ವೇಗ. ಮೂತಿ ಕೆಳಗಾಗಿ ಬೀಳುವ ಬಾಟಲಿಗೆ ಗಾಳಿ ಹೆಚ್ಚೇನೂ ಅಡ್ಡಿಮಾಡುವುದಿಲ್ಲ. ಅದೇ 200 ಗ್ರಾಂ ತೂಕದ ಬಾಟಲಿಗೆ 60 ಸೆಂಟಿಮೀಟರ್ ಅಗಲದ ಛತ್ರಿ ಕಟ್ಟಿದರೆ ಅದು ಸೆಕೆಂಡಿಗೆ ಸುಮಾರು 4 ಮೀಟರಿನಂತೆ, ಮುದುಕರು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಚಿಕ್ಕೋಡಿಯಲ್ಲಿ ಕೊಡೆ ದುರಸ್ತಿ ಮಾಡುವವರೊಬ್ಬರು ಹಳೆಯ ಕೊಡೆಗಳ ಬಟ್ಟೆಯನ್ನು ಧರ್ಮಾರ್ಥ ಕೊಟ್ಟರು. ಎಂಟು ಮೂಲೆಗೆ ಎಂಟು ಎಳೆ, ಒಂದೊಂದು ಎಳೆಯೂ ಛತ್ರಿಯ ಅಗಲಕ್ಕಿಂತ ಕಡಿಮೆಯಿರದಂತೆ. ನಡುವೆ ಸಣ್ಣದೊಂದು ರಂಧ್ರ. ಇಲ್ಲವಾದರೆ ಸಿಕ್ಕಿಬಿದ್ದ ಗಾಳಿ ಅಂಚಿನಿಂದ ಚೆಲ್ಲಿ ಛತ್ರಿ ತೊಟ್ಟಿಲಿನಂತೆ ತೂಗುತ್ತದೆ. ಮಡಿಕೆಗಳು ಅಂಟಿಕೊಳ್ಳದಿರಲೆಂದು ನಯವಾದ ಪುಡಿಯನ್ನು ಉದುರಿಸಬೇಕೆಂದಾಗ ಹುಡುಗರು ವಿಭೂತಿಯ ಗಟ್ಟಿಯನ್ನೇ ತೇಯಲು ಹೊರಟರು. ಅದನ್ನು ತಡೆದು ಕೂಸಿಗೆ ಹಚ್ಚುವ ಪೌಡರನ್ನು ತರಿಸಿದೆವು.

ಛತ್ರಿಯನ್ನು ಬಾಟಲಿಯ ಬುಡದ ಮೇಲಿರಿಸಿ, ಇನ್ನೊಂದು ಬಾಟಲಿಯಿಂದ ಕತ್ತರಿಸಿದ ಟೊಪ್ಪಿಗೆಯನ್ನು ಸಡಿಲವಾಗಿ ಮುಚ್ಚುವುದು ಕ್ರಮ. ಶಿಖರದಲ್ಲಿ ರಾಕೆಟ್ಟು ಮಗ್ಗುಲಾದಾಗ ಟೊಪ್ಪಿಗೆ ತಾನೇ ಕಳಚಿ ಬೀಳಬೇಕು. ಅದು ಬಿಗಿಯಾದರೆ ಛತ್ರಿ ಹೊರಬರುವುದೇ ಇಲ್ಲ.

ಮೊದಲ ಹಾರಾಟಕ್ಕೆ ಕಾಗವಾಡ ತಾಲೂಕಿನ ಕೃಷ್ಣಾ ತೀರದಲ್ಲಿ ಕಬ್ಬು ಕಟಾವಾದ ಹೊಲವೊಂದನ್ನು ಆರಿಸಿಕೊಂಡೆವು. ಬಾಟಲಿ ಏರಿತು, ಟೊಪ್ಪಿಗೆ ಕಳಚಿತು, ಛತ್ರಿಯೂ ಅರಳಿತು. ಮಕ್ಕಳು ಚಪ್ಪಾಳೆ ತಟ್ಟುವಷ್ಟರಲ್ಲಿ ಛತ್ರಿ ಒಂದು ಕಡೆ, ಬಾಟಲಿ ಒಂದು ಕಡೆ. ಬರಿದಾದ ಬಾಟಲಿ ಪಕ್ಕದ ಹೊಲದಲ್ಲಿ ಕಬ್ಬಿನ ಹೊರೆ ಹೊತ್ತಿದ್ದ ಹೆಣ್ಣುಮಗಳಿಂದ ನಾಲ್ಕು ಮಾರು ದೂರದಲ್ಲಿ ನೆಲಕ್ಕೆ ಅಪ್ಪಳಿಸಿತು. ತಲೆಯ ಮೇಲೆ ಹೊರೆಯಿದ್ದ ಆಕೆಗೆ ಮೇಲೆ ನೋಡುವ ಅವಕಾಶವೂ ಇರಲಿಲ್ಲ. ಆಕೆ ನಕ್ಕು ಮುಂದೆ ನಡೆದಳು. ನಮ್ಮ ಕಾಲುಗಳು ಮಾತ್ರ ಬಹಳ ಹೊತ್ತು ನಡುಗುತ್ತಿದ್ದವು.

ಇಲ್ಲೊಂದು ಮಾತನ್ನು ಮುಚ್ಚಿಡದೆ ನಿವೇದಿಸಬೇಕು. ದಾರವನ್ನು ಬಾಟಲಿಗೆ ಅಂಟುಪಟ್ಟಿಯಿಂದ ಹಚ್ಚಿ ಒಂದೇ ಗಂಟು ಹಾಕಿದ ಕೈ ನಮ್ಮದು. ಹುಡುಗರು ಇನ್ನೊಂದು ಸುತ್ತು ಸುತ್ತೋಣವೆಂದಿದ್ದರು. ಬಿಸಿಲೇರುತ್ತಿದೆ, ಇಷ್ಟು ಸಾಕು ಎಂದು ಅವಸರಪಡಿಸಿದವರು ನಾವು.

ಬಾಟಲಿಗೆ ರಂಧ್ರ ಕೊರೆಯುವಂತಿಲ್ಲ, ಒತ್ತಡ ನಿಲ್ಲುವುದಿಲ್ಲ. ಕಾಯಿಸಿದ ಗೋಂದು ಹಚ್ಚಿದರೆ ಬಾಟಲಿಯೇ ಮೆತ್ತಗಾಗುತ್ತದೆ. ಹಾಗಾದರೆ ದಾರವನ್ನು ಹಿಡಿಸುವುದೆಲ್ಲಿ? ವಾರಗಟ್ಟಲೆ ಈ ಪ್ರಶ್ನೆ ನಮ್ಮನ್ನು ಕಾಡಿತು. ಕೊನೆಗೆ ಉತ್ತರ ದೊರೆತದ್ದು ಅಥಣಿಯಲ್ಲಿ, ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಮನೆಯಲ್ಲಿ. ಕೊಲ್ಲಾಪುರಿ ಎಂದು ಲೋಕ ಕರೆಯುವ ಚಪ್ಪಲಿಗಳನ್ನು ಅಥಣಿ, ನಿಪ್ಪಾಣಿಗಳ ಮನೆಮನೆಗಳಲ್ಲಿ ತಲೆಮಾರುಗಳಿಂದ ಹೊಲಿಯುತ್ತ ಬಂದಿದ್ದಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ನಾವು ಹೋದದ್ದು ಕಾಲಿಗೆ ಒಂದು ಜೊತೆ ಕೊಳ್ಳಲೆಂದು. ಜೊತೆಗಿದ್ದ ಹುಡುಗನ ಚೀಲದಲ್ಲಿ ಬಾಟಲಿಯಿತ್ತು.

ಹಿರಿಯರು ಹರಿದ ಅಂಟುಪಟ್ಟಿಯನ್ನು ಬೆರಳಿನಿಂದ ಎಬ್ಬಿಸಿ ನೋಡಿ ನಕ್ಕರು. "ಅಂಟಿನ ಮ್ಯಾಲೆ ಭಾರ ಹಾಕಬಾರದ್ರಿ ಗುರುಗಳ. ಅಂಟು ಬರೇ ಜಾಗಾ ಹಿಡಿಯಾಕ. ಭಾರ ಹೊಲಿಗಿ ಹೊರಬೇಕು."

ಅವರು ತಮ್ಮ ಚಪ್ಪಲಿಯೊಂದನ್ನು ತಿರುವಿ ತೋರಿಸಿದರು. ಅಟ್ಟೆಯ ಎರಡು ಪದರಗಳ ನಡುವಿನಿಂದ ಹೊರಚಾಚುವ ಕಿವಿ. ಆ ಕಿವಿಗೆ ಹೊಲಿದ ಪಟ್ಟಿ. ಎಲ್ಲವನ್ನೂ ಹಿಡಿದಿರುವುದು ತೊಗಲಿನದೇ ಎಳೆ, ಒಂದು ಮೊಳೆಯೂ ಇಲ್ಲ. ಹೆಜ್ಜೆಯಿಟ್ಟಾಗಲೆಲ್ಲ ಪಟ್ಟಿ ಜಗ್ಗುತ್ತದೆ. ಆ ಜಗ್ಗಾಟ ಒಂದು ಬಿಂದುವಿನ ಮೇಲೆ ನಿಲ್ಲದೆ ಇಡೀ ಅಟ್ಟೆಗೆ ಹಂಚಿಹೋಗುತ್ತದೆ. ನಾವು ಅಂಟಿಸಿದ ದಾರವಾದರೋ ಬಾಳೆಯ ಸಿಪ್ಪೆ ಸುಲಿದಂತೆ ತುದಿಯಿಂದ ಎದ್ದುಬಂದಿತ್ತು. ಸುಲಿಯುವ ಎಳೆತಕ್ಕೆ ಎಂತಹ ಅಂಟೂ ಬೇಗ ಸೋಲುತ್ತದೆ. ಅದೇ ಅಂಟು ಮೈಗುಂಟ ಜಾರಿಸುವ ಎಳೆತವನ್ನು ಹಲವು ಪಟ್ಟು ಹೆಚ್ಚು ತಾಳುತ್ತದೆ. ಕಾಗದದ ರಾಕೆಟ್ಟುಗಳಲ್ಲಿ ದಾರದ ತುದಿಯನ್ನು ಕಾಗದದ ಚೂರಿನಲ್ಲಿ ಮೂರು ಮಡಿಕೆ ಮಡಚಿ ಕೊಳವೆಯ ಒಳಗೋಡೆಗೆ ಅಂಟಿಸುವ ಪದ್ಧತಿಯ ಗುಟ್ಟೂ ಇದೇ ಎಂದು ಅಧ್ಯಾಪಕರು ಆಮೇಲೆ ವಿವರಿಸಿದರು. ಜೋಡಿನ ಅಂಗಡಿಯವನಿಗೆ ಈ ಮರ್ಮ ಮೊದಲೇ ಗೊತ್ತಿತ್ತೋ ಏನೋ ಎಂದು ನಾವು ವಿನೋದಕ್ಕೆ ಅಂದುಕೊಂಡೆವು.

ಹಿರಿಯರು ಅಲ್ಲಿಯೇ ಕುಳಿತು ತೊಗಲಿನ ಒಂದು ಕೊರಳಪಟ್ಟಿಯನ್ನು ಹೊಲಿದು ಬಾಟಲಿಯ ಕತ್ತಿಗೆ ಹಾಕಿದರು. ಅದರ ಎರಡು ಮಗ್ಗುಲಿಂದ ಎರಡು ದಾರಗಳು ಬಾಟಲಿಯ ಮೈಗುಂಟ ಮೇಲೇರಿ ಬುಡದಾಚೆ ಒಂದಾಗುತ್ತವೆ. ನಡುವಿಗೊಂದು ಅಂಟುಪಟ್ಟಿ, ದಾರ ಸರಿಯದಿರಲೆಂದು ಮಾತ್ರ. ಛತ್ರಿ ಮೇಲಕ್ಕೆ ಜಗ್ಗಿದಷ್ಟೂ ಕೊರಳಪಟ್ಟಿ ಬಾಟಲಿಯ ಹೆಗಲಿಗೆ ಒತ್ತಿಕೊಳ್ಳುತ್ತದೆ. ಕತ್ತಿಗಿಂತ ಹೆಗಲು ಅಗಲವಾದ್ದರಿಂದ ಅದು ಕಳಚಲು ದಾರಿಯೇ ಇಲ್ಲ. ಹಣ ಕೊಡಹೋದರೆ ಚಪ್ಪಲಿಗಷ್ಟೇ ತೆಗೆದುಕೊಂಡರು.

ಹಳೆಯ ಮೈಸೂರಿನ ಬಾಣಗಳೂ ನಮಗೆ ಆಗ ನೆನಪಾದವು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ಹೈದರ್, ಟಿಪ್ಪುಗಳ ಆ ಕಬ್ಬಿಣದ ಕೊಳವೆಗಳನ್ನು ಬಿದಿರಿನ ಗಳುವಿಗೆ ಬಿಗಿಯುತ್ತಿದ್ದುದು ತೊಗಲಿನ ಪಟ್ಟಿಗಳಿಂದ. ಹಸಿ ತೊಗಲು ಒಣಗುತ್ತ ಕುಗ್ಗಿ ಮತ್ತಷ್ಟು ಬಿಗಿಯಾಗುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಅಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತವು. ಅವು ಮರಳಿ ಇಳಿಯಲೆಂದು ಮಾಡಿದವಲ್ಲ. ಇಂದಿನವು ಇಳಿಯಲೇಬೇಕು. 2007ರ ಜನವರಿ 22ರಂದು ನಮ್ಮ ದೇಶದ ಉಪಗ್ರಹವೊಂದು ಹನ್ನೆರಡು ದಿನ ಭೂಮಿಯನ್ನು ಸುತ್ತಿ, ಛತ್ರಿಗಳ ಆಸರೆಯಿಂದ ಬಂಗಾಳ ಕೊಲ್ಲಿಯಲ್ಲಿಳಿಯಿತು. 2024ರ ಜೂನ್ 23ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಪುಷ್ಪಕವೆಂಬ ರೆಕ್ಕೆಯ ವಾಹನ ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿದಾಗ, ಹಿಂದೆ ಬಿಚ್ಚಿಕೊಂಡ ಛತ್ರಿಯೇ ಅದನ್ನು 100ರ ಆಸುಪಾಸಿಗೆ ತಂದಿತು. ಮನುಷ್ಯರನ್ನು ಒಯ್ಯಲಿರುವ ಗಗನಯಾನದ ಕೋಶಕ್ಕೆ ಹತ್ತು ಛತ್ರಿಗಳ ಏರ್ಪಾಡಿದೆ. ಪ್ರತಿಯೊಂದರ ಬುಡದಲ್ಲಿಯೂ ಒಂದು ಕಟ್ಟು ಇದ್ದೇ ಇರಬೇಕಲ್ಲ.

ಕೊರಳಪಟ್ಟಿಯಿಂದಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಎರಡನೆಯ ಸಲ ದಾರ ಗಿಡ್ಡವಾಗಿ, ಟೊಪ್ಪಿಗೆ ಪುಟಿದು ಬಂದು ಬಾಟಲಿಯ ರೆಕ್ಕೆಯನ್ನೇ ಮುರಿಯಿತು. ದಾರ ರಾಕೆಟ್ಟಿನ ಎರಡು ಮೂರು ಪಟ್ಟು ಉದ್ದವಿರಬೇಕೆಂದೂ, ನಡುವೆ ದರ್ಜಿಯವರ ಎಲಾಸ್ಟಿಕ್ಕಿನ ತುಂಡಿದ್ದರೆ ಹಠಾತ್ತನೆಯ ಜಗ್ಗು ತಗ್ಗುವುದೆಂದೂ ಆಗ ಕಲಿತೆವು. ನೈಲಾನು ನುಣುಪು, ಒಂಟಿ ಗಂಟು ಜಾರುತ್ತದೆ. ನಿಪ್ಪಾಣಿಯ ತಂಬಾಕಿನ ಮೂಟೆಗಳಿಗೆ ಕಟ್ಟುವ ಸುತಳಿಯನ್ನು ಹುಡುಗನೊಬ್ಬ ತಂದ. ಒರಟಾದ್ದರಿಂದ ಗಂಟು ಚೆನ್ನಾಗಿ ನಿಂತಿತು, ಆದರೆ ನಾಲ್ಕಾರು ಸಲ ನೆನೆದು ಒಣಗಿ ಎಳೆ ಬಿಟ್ಟಿತು. ಮತ್ತೆ ನೈಲಾನಿಗೇ ಮರಳಿ ಜೋಡಿ ಗಂಟು ಹಾಕಿ, ಗಂಟಿನ ಮೇಲೊಂದು ಹನಿ ಅಂಟು ಬಿಟ್ಟೆವು. ಪ್ರತಿ ಹಾರಾಟಕ್ಕೆ ಮೊದಲು ಬಾಟಲಿಯನ್ನು ದಾರದಿಂದ ತೂಗಿಸಿ ಹತ್ತು ಸಲ ಜೋರಾಗಿ ಜಗ್ಗುವ ಕೆಲಸವನ್ನು ರಾಯಬಾಗದ ಹುಡುಗನಿಗೆ ವಹಿಸಿದ್ದೇವೆ. ಬೆರಳುಗಳು ಮಾಗಿವೆ, ಒಂದರ ಉಗುರು ಇನ್ನೂ ಸರಿಯಾಗಿ ಬಂದಿಲ್ಲ. ಅವನು "ಹೂಂ" ಎನ್ನುವವರೆಗೆ ಯಾರೂ ಪಂಪು ಮುಟ್ಟುವಂತಿಲ್ಲ; ನಾವೂ ಸಹ.

ಇಷ್ಟಾದರೂ ಗಾಳಿಯನ್ನು ನೋಡಿಕೊಳ್ಳಬೇಕು. 30 ಮೀಟರಿನಿಂದ ಇಳಿಯಲು ಏಳೆಂಟು ಸೆಕೆಂಡು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 5 ಮೀಟರಿನ ಗಾಳಿ ರಾಕೆಟ್ಟನ್ನು 40 ಮೀಟರಿನಷ್ಟು ಒಯ್ಯುತ್ತದೆ, ನಿಂತ ಕಬ್ಬಿನೊಳಗೆ ಹೋದರೆ ಸಿಕ್ಕಿತೆಂಬ ಭರವಸೆಯಿಲ್ಲ. ಆಷಾಢದ ಗಾಳಿಯಲ್ಲಿ ಹಾರಿಸುವ ಮಾತೇ ಬೇಡ. ಬರುವ ಸುಗ್ಗಿಯಲ್ಲಿ ಕಾಗವಾಡದ ಅದೇ ಹೊಲ ಬಯಲಾದ ಮೇಲೆ ಮಕ್ಕಳು ಮತ್ತೆ ಹಾರಿಸುವವರಿದ್ದಾರೆ. ನೋಡಬಯಸುವ ತಾಯ್ತಂದೆಗಳು ಬೆಳಗಿನ ಗಾಳಿ ಏಳುವ ಮೊದಲೇ ಬರಬೇಕು, ಐವತ್ತು ಹೆಜ್ಜೆ ದೂರ ನಿಲ್ಲಬೇಕು, ಮತ್ತು ಪಕ್ಕದ ಹೊಲಗಳಲ್ಲಿ ಯಾರೂ ಇಲ್ಲವೆಂದು ನಾವು ಸುತ್ತಾಡಿ ನೋಡಿ ಬರುವವರೆಗೆ ತಾಳ್ಮೆಯಿಂದ ಕಾಯಬೇಕು.