ಮೀನಿನ ಉಸಿರಾಟದ ಲೆಕ್ಕ

ಬೇಸಿಗೆಯ ಬೆಳಗಿನ ಜಾವ ನಮ್ಮ ಅಮೃತಹಳ್ಳಿ ಕೆರೆಯ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರಿಗಾಗಿ ಪರದಾಟ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ನೀರು ಕಾದಂತೆ ಮೀನಿನ ಮೈಯೂ ಕಾದು, ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಸಂಬಳ ಕಡಿತ, ಬಾಡಿಗೆ ಏರಿಕೆ ಒಟ್ಟಿಗೇ ಆದಂತೆ! ಸಮುದ್ರದ ಬಂಗುಡೆ ತಂಪು ಹುಡುಕಿ ಆಳಕ್ಕೆ ಇಳಿಯಬಹುದು. ಕೆರೆಯ ಮೀನು ಎಲ್ಲಿಗೆ ಹೋದೀತು? ಒಳಚರಂಡಿ ನೀರು ಸೇರಿದರಂತೂ ಉಳಿದ ಆಮ್ಲಜನಕವನ್ನು ಬ್ಯಾಕ್ಟೀರಿಯಾ ಮುಗಿಸುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಗರ ನೋಡಿದೆ.

ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಹಾಗಾಗಿ ಮಧ್ಯಾಹ್ನದ ಮಾದರಿಯನ್ನಷ್ಟೇ ನಂಬುವುದನ್ನು ನಾನು ಒಪ್ಪಲಾರೆ. ಕೆರೆಗಳಲ್ಲಿ 24 ಗಂಟೆಯೂ ಅಳೆಯುವ ಸೆನ್ಸರ್ ಇರಲಿ. ಅದಕ್ಕೆ ಕೋಡ್ ಬರೆಯಲು ಬಿಇ ಓದುವ ನಾವೇ ಸಾಕು. ಚರಂಡಿ ತಿರುಗಿಸುವುದು ಮಾತ್ರ ಪಾಲಿಕೆಯ ಕೈಯಲ್ಲಿದೆ.