ರೊಟ್ಟಿ ತಿನ್ನುವ ನಾಯಿಯ ಕರುಳು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕುರಿಹಿಂಡಿನ ಹಿಂದೆ ನಡೆಯುವ ನಾಯಿಗೆ ದೊರೆಯುವ ಆಹಾರವಾವುದು? ಬಹುಮಟ್ಟಿಗೆ, ಒಡೆಯನ ಬುತ್ತಿಯಲ್ಲಿ ಉಳಿದ ಜೋಳದ ರೊಟ್ಟಿ. ತೋಳದ ವಂಶದಲ್ಲಿ ಹುಟ್ಟಿದ ಪ್ರಾಣಿಯೊಂದು ಜೋಳದ ಪಿಷ್ಟವನ್ನುಂಡು ಬಾಳುವುದು ವಾಚಕರಿಗೆ ಸೋಜಿಗವೆನಿಸಬೇಕು. ನಿತ್ಯವೂ ಕಾಣುವುದರಿಂದ ಹಾಗೆನಿಸುವುದಿಲ್ಲ, ಅಷ್ಟೆ.

ಈ ಸೋಜಿಗದ ಒಂದು ಪಾಲನ್ನು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ಬಿಡಿಸಿದರು. ಪಿಷ್ಟವನ್ನು ಒಡೆಯುವ ಅಮೈಲೇಸಿನ ಜೀನಿಗೆ ತೋಳದಲ್ಲಿ 2 ಪ್ರತಿಗಳು ಮಾತ್ರ. ಅವರು ಪರೀಕ್ಷಿಸಿದ ನಾಯಿಗಳಲ್ಲಿ 4ರಿಂದ 30ರವರೆಗೆ ಇದ್ದವು. ಹಾಗೆ ಒಡೆದು ಬಂದ ಗ್ಲೂಕೋಸನ್ನು ಕರುಳಿನ ಗೋಡೆಯೊಳಕ್ಕೆ ಒಯ್ಯುವ ವಾಹಕ ಪ್ರೋಟೀನಿನ ಜೀನಿನಲ್ಲಿಯೂ ಭೇದ ಕಂಡುಬಂದಿತು.

ಆದರೆ ಜೀನು ಇದ್ದ ಮಾತ್ರಕ್ಕೆ ಕಾರ್ಯ ನಡೆಯದು. ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಇರುವುವು ಅವೇ ಜೀನುಗಳು. ಯಾವ ಕೋಶವು ಯಾವ ಜೀನನ್ನು ಓದಿ, ಎಷ್ಟು ದೂತ ಆರ್‌ಎನ್‌ಎ ರಚಿಸಿ, ಎಷ್ಟು ವಾಹಕಗಳನ್ನು ಕಟ್ಟುತ್ತದೆಂಬುದರಲ್ಲಿದೆ ವ್ಯತ್ಯಾಸ. ಇದನ್ನೇ ಜೀನಿನ ಅಭಿವ್ಯಕ್ತಿ ಎನ್ನುವರು. ಇಲಿಗೆ ಸಕ್ಕರೆ, ಪಿಷ್ಟಗಳನ್ನು ಹೆಚ್ಚು ತಿನ್ನಿಸಿದರೆ ಗ್ಲೂಕೋಸಿನ ವಾಹಕಗಳೂ ಹೆಚ್ಚುತ್ತವೆ; ಅಪ್ಪಟ ಮಾಂಸಾಹಾರಿಯಾದ ಬೆಕ್ಕಿನಲ್ಲಿ ಹಾಗಾಗುವುದಿಲ್ಲ. ರೊಟ್ಟಿ ತಿನ್ನುವ ನಾಯಿ ಇಲಿಯ ಪಕ್ಷವೋ, ಬೆಕ್ಕಿನ ಪಕ್ಷವೋ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಔಷಧಗಳೂ ಇಂಥ ಬಾಗಿಲುಗಳಲ್ಲಿಯೇ ಸಂಚರಿಸುತ್ತವೆ. ಪ್ರೋಟೀನಿನ ತುಣುಕುಗಳನ್ನು ಹೀರುವ ವಾಹಕವೇ ಸೆಫಲೆಕ್ಸಿನ್ ಎಂಬ ಪ್ರತಿಜೈವಿಕವನ್ನೂ ಒಳಕ್ಕೆ ತರುತ್ತದೆ. ಪಿ-ಗ್ಲೈಕೋಪ್ರೋಟೀನ್ ಎಂಬುದು ಅನೇಕ ಔಷಧಗಳನ್ನು ಹೊರಕ್ಕೆ ನೂಕುತ್ತದೆ. ಮೆದುಳಿನ ರಕ್ತನಾಳಗಳಲ್ಲಿಯೂ ಅದರ ಕಾವಲಿದೆ. ಸ್ಕಾಟ್ಲೆಂಡಿನಲ್ಲಿ ಕುರಿ ಕಾಯುತ್ತಿದ್ದ ಕಾಲೀ ಎಂಬ ತಳಿಯ ಅನೇಕ ನಾಯಿಗಳಲ್ಲಿ ಈ ಜೀನಿನ ನಾಲ್ಕು ಅಕ್ಷರಗಳು ಬಿಟ್ಟುಹೋಗಿ ಕಾವಲೇ ಕೆಟ್ಟಿರುವುದು 2001ರಲ್ಲಿ ತಿಳಿದುಬಂದಿತು. ಕುರಿಗೆ ಕೊಡುವ ಪ್ರಮಾಣದ ಐವರ್ಮೆಕ್ಟಿನ್ ಅಂಥ ನಾಯಿಯ ಮೆದುಳನ್ನು ಹೊಕ್ಕು ಪ್ರಾಣವನ್ನೇ ತೆಗೆಯಬಲ್ಲುದು. ಕುರಿಗೆಂದು ತಂದ ಜಂತಿನ ಔಷಧದಲ್ಲಿ ಉಳಿದುದನ್ನು ಅಂದಾಜಿನಿಂದ ನಾಯಿಗೂ ಕೊಡುವುದನ್ನು ನಾವು ಖಂಡಿತ ಒಪ್ಪೆವು.

ಮನುಷ್ಯರಿಗಾಗಿ ಮಾಡಿದ ಗುಳಿಗೆಗಳನ್ನು ಮೊದಲು ನಾಯಿಯಲ್ಲಿ, ವಿಶೇಷವಾಗಿ ಬೀಗಲ್ ತಳಿಯಲ್ಲಿ, ಪರೀಕ್ಷಿಸುವುದು ರೂಢಿ. ಪ್ರಯೋಗಾಲಯದಲ್ಲಿ ಹುಟ್ಟಿ, ತೂಗಿ ಹಾಕಿದ ಆಹಾರವನ್ನೇ ತಿಂದ ಬೀಗಲಿನ ಕರುಳಿನ ಲೆಕ್ಕವು ಸುರಪುರದ ನಾಯಿಗೆ ಹಾಗೆಯೇ ಸಲ್ಲುವುದೆಂದು ನಾವು ನಂಬಲಾರೆವು. ನಮ್ಮ ನಾಯಿಗಳನ್ನು ನಾವೇ ಅಭ್ಯಸಿಸಬೇಕು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಇದಕ್ಕಾಗಿ ಯಾವ ನಾಯಿಯನ್ನೂ ಕೊಲ್ಲಬೇಕಾಗಿಲ್ಲ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸತ್ತ ನಾಯಿಯ ಕರುಳಿನಿಂದ ಉಗುರಿನಷ್ಟು ಚೂರು ದೊರೆತರೂ ಸಾಕು. ಆದರೆ ಸಾವಿನ ಬಳಿಕ ದೂತ ಆರ್‌ಎನ್‌ಎ ಬೇಗನೆ ಕೆಡುತ್ತದೆ. ಬೀದರಿಗೆ ಕಳುಹಿಸುವ ಮುನ್ನವೇ ಆ ಚೂರನ್ನು ಕೆಡದಂತೆ ಇರಿಸಬಲ್ಲ ಕೈಗಳೂ ಶೀತಪೆಟ್ಟಿಗೆಯೂ ಯಾದಗಿರಿ, ಶಹಾಪುರ, ಸುರಪುರಗಳ ಪಶು ಆಸ್ಪತ್ರೆಗಳಲ್ಲಿಯೇ ಸಿದ್ಧವಾಗಿರಬೇಕು.